ಅನುಭವ ಇಲ್ಲದೆ ಸಿಸ್ಟಮ್ ಅಡ್ಮಿನ್ ಕೆಲಸ: ಮಂಗಳೂರು, ಉಡುಪಿ ಕಡೆ ಮೊದಲ ಬಾಗಿಲು ಯಾವುದು?

ಕಾವೂರು ಬಿಸಿಎ | ಮೇ 11, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಬಿಸಿಎ ಮುಗಿಸಿದೆ. ಕೋಡಿಂಗ್ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಕಾಲೇಜು ಲ್ಯಾಬಿನಲ್ಲಿ ಯಾವ ಮಷಿನ್ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಸತ್ತ ಮಷಿನ್ ಮತ್ತೆ ಎದ್ದು ಕೂತಾಗ ಆಗುವ ಖುಷಿ ನನಗೆ ಬೇರೆ ಯಾವುದರಲ್ಲೂ ಆಗಲಿಲ್ಲ. ಹಾಗಾಗಿ ಸಿಸ್ಟಮ್ ಅಡ್ಮಿನ್ ಆಗಬೇಕು ಅಂತ ಆಸೆ ಉಂಟು.

ಕಷ್ಟ ಎಂತ ಅಂದರೆ, ಯಾವ ಜಾಹೀರಾತು ನೋಡಿದರೂ ಕನಿಷ್ಠ 2 ವರ್ಷ ಅನುಭವ ಬೇಕು ಅಂತ ಇರುತ್ತದೆ. ಯಾರೂ ಮೊದಲ ಕೆಲಸ ಕೊಡದಿದ್ದರೆ ಆ 2 ವರ್ಷ ಎಲ್ಲಿಂದ ತರುವುದು? ಹತ್ತು ತಿಂಗಳಲ್ಲಿ ಎರಡೇ ಎರಡು ಇಂಟರ್‌ವ್ಯೂ ಸಿಕ್ಕಿತು. ಒಂದರಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಒಬ್ಬರು ಫೋನ್ ಮಾಡಿ ನೆಟ್ ಬರ್ತಾ ಇಲ್ಲ ಅಂತಾರೆ. ಏನು ಮಾಡ್ತೀರಿ?" ರೌಟರ್ ರೀಸ್ಟಾರ್ಟ್ ಮಾಡುತ್ತೇನೆ ಅಂದೆ. ಅವರು ತಲೆ ಅಲ್ಲಾಡಿಸಿ ಫೈಲ್ ಮುಚ್ಚಿದರು. ತಪ್ಪೆಲ್ಲಿ ಆಯಿತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಇನ್ನೊಂದು ವಿಷಯ. ಒಂದು ಕನ್ಸಲ್ಟೆನ್ಸಿಯವರು 35,000 ರೂಪಾಯಿ ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿ ಕೊಡುತ್ತೇವೆ ಅಂದಿದ್ದಾರೆ. ಅಮ್ಮ ಬೀಡಿ ಕಟ್ಟುತ್ತಾರೆ. ಸಂಘದಿಂದ ಸಾಲ ತೆಗೆಯುವಾ ಅಂತ ಅವರೇ ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಮನೆಯಲ್ಲಿ ರಾತ್ರಿ ಪಾಳಿಗೂ ಒಪ್ಪುವುದಿಲ್ಲ, ಬೆಂಗಳೂರಿಗೂ ಈಗಲೇ ಬೇಡ ಅಂತಾರೆ. ಹುಡುಗಿಯರು ಈ ಕೆಲಸದಲ್ಲಿ ಇದ್ದಾರಾ? ದಯವಿಟ್ಟು ದಾರಿ ಹೇಳಿ.

ಕೊಟ್ಟಾರ ಎಚ್‌ಆರ್ | ಮೇ 11, ರಾತ್ರಿ 10.05

ಉಳಿದದ್ದನ್ನು ಬೇರೆಯವರು ಹೇಳಲಿ, ಆ 35,000 ಮಾತ್ರ ಕೊಡಬೇಡಿ. ನಾನು ಸೇರಿಸಿಕೊಳ್ಳುವವರ ದಾಖಲೆ ನೋಡುವ ಕೆಲಸದಲ್ಲಿದ್ದೇನೆ. ಕಂಪನಿಗಳು ಪಿಎಫ್‌ನ ಯುಎಎನ್ ನಂಬರ್ ಕೇಳುತ್ತವೆ. ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಕೆಲಸ ಮಾಡಿದ್ದೀರಿ ಅಂತ ಅದರಲ್ಲಿ ಬರುತ್ತದೆ. ಎರಡು ವರ್ಷ ಕೆಲಸ ಮಾಡಿದ್ದೇನೆ ಅಂದವರ ಸಂಬಳದ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಕೇಳುತ್ತೇವೆ. ಸೇರಿ ಆರು ತಿಂಗಳಾದ ಮೇಲೆ ಸುಳ್ಳು ಪತ್ರ ಸಿಕ್ಕಿಬಿದ್ದು, ಅದೇ ದಿನ ಮಧ್ಯಾಹ್ನ ಬ್ಯಾಗ್ ಹಿಡಿದು ಹೊರಗೆ ಹೋದ ಹುಡುಗನನ್ನು ನಾನೇ ನೋಡಿದ್ದೇನೆ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದ. ತುಂಬಾ ಬೇಜಾರಾಯಿತು.

ಅಮ್ಮನಿಗೆ ಹೇಳಿ, ಸಾಲ ಬೇಡ ಅಂತ.

ಬಿಜೈ ಸರ್ವರ್ ರೂಮ್ | ಮೇ 11, ರಾತ್ರಿ 11.20

ನಾನು ಒಂದು ಆಸ್ಪತ್ರೆಯ ಐಟಿ ವಿಭಾಗದಲ್ಲಿ 14 ವರ್ಷದಿಂದ ಇದ್ದೇನೆ. ಹೊಸಬರ ಇಂಟರ್‌ವ್ಯೂ ಮಾಡುತ್ತೇನೆ. ಆ ನೆಟ್ ಪ್ರಶ್ನೆ ನಾನೂ ಕೇಳುವುದೇ. ಅದಕ್ಕೆ ಉತ್ತರ ಹೇಗಿರಬೇಕು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಕೆಲಸದ ಅರ್ಧ ಭಾಗ ಅದರಲ್ಲೇ ಉಂಟು.

ಬೆಳಿಗ್ಗೆ ಎಂಟೂವರೆ ಅಂತ ಇಟ್ಟುಕೊಳ್ಳಿ. ಬಿಲ್ಲಿಂಗ್ ಕೌಂಟರಿನಲ್ಲಿ ಮೂವತ್ತು ಜನ ನಿಂತಿದ್ದಾರೆ. ಫೋನ್ ಬಂತು, ನೆಟ್ ಇಲ್ಲ. ನೀವು ಹೋಗಿ ರೌಟರ್ ಆಫ್ ಮಾಡಿದಿರಿ ಅಂದರೆ, ಅಲ್ಲಿಯವರೆಗೆ ಒಂದು ಕೌಂಟರಿಗೆ ಇದ್ದ ತೊಂದರೆ ಈಗ ಇಡೀ ಮಹಡಿಗೆ ಬಂತು. ನಿಮ್ಮ ಉತ್ತರ ಕೇಳಿ ಅವರು ಫೈಲ್ ಮುಚ್ಚಿದ್ದು ಇದಕ್ಕೇ ಇರಬೇಕು.

ಮೊದಲು ಕೇಳಬೇಕಾದದ್ದು: ನಿಮಗೆ ಮಾತ್ರವಾ, ಪಕ್ಕದ ಕೌಂಟರಿಗೂ ಹೀಗೆಯಾ? ಒಬ್ಬರಿಗೇ ಆದರೆ ಆ ಮಷಿನ್ ಅಥವಾ ಆ ಕೇಬಲ್. ಎಲ್ಲರಿಗೂ ಆದರೆ ಎಲ್ಲ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚಿನ ಕಡೆಗೆ ನಡೆಯಿರಿ. ಎರಡನೆಯದು: ನಿನ್ನೆ ಸರಿ ಇತ್ತಾ? ರಾತ್ರಿ ಏನಾದರೂ ಬದಲಾಯಿತಾ? ಕಸ ಗುಡಿಸುವಾಗ ಮೇಜು ಸರಿಸಿದ್ದಾರಾ? ನಗಬೇಡಿ, ಎಷ್ಟೋ ಸಲ ಇದೇ ಕಾರಣ.

ಆಮೇಲೆ ಕೇಬಲ್ ಹಾಕುವ ಜಾಗದ ಪುಟ್ಟ ದೀಪ ನೋಡಿ. ಉರಿಯದಿದ್ದರೆ ಮುಂದಿನ ಯಾವುದನ್ನೂ ನೋಡುವ ಅಗತ್ಯ ಇಲ್ಲ, ಮೊದಲು ಕೇಬಲ್ ಬದಲಿಸಿ. ಉರಿಯುತ್ತಿದ್ದರೆ ಮಷಿನಿನ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದರ ನಂಬರ್) ನೋಡಿ. 169.254 ಅಂತ ಶುರುವಾದರೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರಿನಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ, ಮಷಿನ್ ತಾನೇ ಒಂದು ಹಾಕಿಕೊಂಡಿದೆ. ವಿಳಾಸ ಸರಿ ಇದ್ದರೆ ಗೇಟ್‌ವೇಗೆ, ಅಂದರೆ ಹೊರಗೆ ಹೋಗುವ ದಾರಿಯಾದ ರೌಟರಿಗೆ, ಪಿಂಗ್ ಮಾಡಿ (ಉತ್ತರ ಕೊಡುತ್ತದಾ ಅಂತ ನೋಡುವ ಕಮಾಂಡ್). ಅದು ಉತ್ತರ ಕೊಟ್ಟರೆ ಹೊರಗಿನ ಒಂದು ನಂಬರಿಗೆ, ಉದಾಹರಣೆಗೆ 8.8.8.8ಕ್ಕೆ ಮಾಡಿ. ನಂಬರಿಗೆ ಉತ್ತರ ಬರುತ್ತದೆ, ಆದರೆ ಹೆಸರು ಹಾಕಿದರೆ ಸೈಟ್ ತೆರೆಯುವುದಿಲ್ಲ ಅಂತಾದರೆ ತೊಂದರೆ ಹೆಸರನ್ನು ನಂಬರಿಗೆ ತಿರುಗಿಸುವ ಡಿಎನ್‌ಎಸ್‌ನಲ್ಲಿ.

ನೋಡಿ, ಇಲ್ಲಿ ಕಷ್ಟದ ವಿದ್ಯೆ ಏನೂ ಇಲ್ಲ. ಕೆಟ್ಟದ್ದು ಎಲ್ಲಿ ಅಂತ ಜಾಗವನ್ನು ಕಿರಿದು ಮಾಡುತ್ತಾ ಹೋಗುವುದು, ಅಷ್ಟೇ. ಹೊಸಬರಿಗೆ ಎಲ್ಲ ಗೊತ್ತಿರಬೇಕು ಅಂತ ನಾನು ಬಯಸುವುದಿಲ್ಲ. ಯಾವ ಕ್ರಮದಲ್ಲಿ ಯೋಚಿಸುತ್ತಾರೆ ಅಂತ ಮಾತ್ರ ನೋಡುತ್ತೇನೆ. "ಡಿಎನ್‌ಎಸ್ ಅಲ್ಲಿಯವರೆಗೆ ನನಗೆ ಗೊತ್ತು ಸರ್, ಅದರ ಮುಂದೆ ನಿಮ್ಮನ್ನು ಕೇಳುತ್ತೇನೆ" ಅಂದ ಹುಡುಗನನ್ನು ಅದೇ ದಿನ ತೆಗೆದುಕೊಂಡಿದ್ದೆ. ಈಗ ನಮ್ಮ ಬ್ಯಾಕಪ್ ಎಲ್ಲ ಅವನ ಕೈಯಲ್ಲೇ ಉಂಟು.

ಕಲ್ಸಂಕ ಕೇಬಲ್ | ಮೇ 12, ಬೆಳಿಗ್ಗೆ 7.15

ಬಿಜೈಯವರು ದೊಡ್ಡ ಜಾಗದ ಕತೆ ಹೇಳಿದರು. ನಾನು ಸಣ್ಣ ಜಾಗದಿಂದ ಬಂದವ. ಉಡುಪಿಯಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ 6,500 ರೂಪಾಯಿ ಸಂಬಳಕ್ಕೆ ಸೇರಿದೆ. ಮನೆಯಲ್ಲಿ ಇದಕ್ಕಾ ಡಿಪ್ಲೊಮಾ ಓದಿಸಿದ್ದು ಅಂತ ಬೈದರು. ಈಗ ಮಣಿಪಾಲದ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಅಂಗಡಿಯ ಆ ಎರಡು ವರ್ಷ ಇಲ್ಲದಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಒಂದು ಅನುಕೂಲ ಉಂಟು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದು ಬ್ಯಾಂಕುಗಳು ಹುಟ್ಟಿದ ಅವಿಭಜಿತ ಜಿಲ್ಲೆ ನಮ್ಮದು. ಆ ಅಭ್ಯಾಸದಿಂದಲೋ ಏನೋ, ಎಲ್ಲಿ ನೋಡಿದರೂ ಸಹಕಾರಿ ಸಂಘ. ಅದರ ಜೊತೆಗೆ ಆಸ್ಪತ್ರೆ, ಕಾಲೇಜು, ಐಸ್ ಪ್ಲಾಂಟ್, ಗೋಡಂಬಿ ಫ್ಯಾಕ್ಟರಿ. ಎಲ್ಲ ಕಡೆ ಐದೋ ಹತ್ತೋ ಕಂಪ್ಯೂಟರ್ ಇರುತ್ತದೆ. ಹೆಚ್ಚಿನ ಕಡೆ ಅದಕ್ಕೆ ಅಂತ ಒಬ್ಬ ಅಡ್ಮಿನ್ ಇರುವುದಿಲ್ಲ. ಅಂಗಡಿಯಿಂದಲೇ ಜನ ಹೋಗಬೇಕು. ಹೋಗುವವರು ನೀವಾಗಿ.

ಸಿಡಿಲಿನ ಕಾಲ ನಮಗೆ ಶಾಲೆ ಇದ್ದ ಹಾಗೆ. ಏಪ್ರಿಲ್, ಮೇ ಮತ್ತೆ ಅಕ್ಟೋಬರ್. ಒಂದು ಸಂಜೆ ಗುಡುಗಿದರೆ ಮರುದಿನ ಅಂಗಡಿಗೆ ಇಪ್ಪತ್ತು ಫೋನ್. ಒಂದು ಸಲ ಕಾಪು ಕಡೆಯ ಒಂದು ಸಣ್ಣ ಸಂಸ್ಥೆಗೆ ಹೋದೆ. ಸ್ವಿಚ್ ಸುಟ್ಟಿತ್ತು, ಮೂರು ಮಷಿನಿನ ನೆಟ್‌ವರ್ಕ್ ಪೋರ್ಟ್ ಹೋಗಿತ್ತು. ಲೆಕ್ಕ ಇದ್ದ ಮುಖ್ಯ ಮಷಿನ್ ಸತ್ತಿತ್ತು. ಬ್ಯಾಕಪ್ ಉಂಟಾ ಅಂತ ಕೇಳಿದೆ. ಉಂಟು, ಈ ಡಿಸ್ಕಿನಲ್ಲಿ ದಿನಾ ತೆಗೆಯುತ್ತೇವೆ ಅಂದರು. ಆ ಡಿಸ್ಕ್ ಅದೇ ಮಷಿನಿಗೆ ಚುಚ್ಚಿಯೇ ಇತ್ತು. ಕೈಯಲ್ಲಿ ಹಿಡಿದರೆ ಸುಟ್ಟ ವಾಸನೆ. ಮ್ಯಾನೇಜರ್ ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು, ಒಂದು ಮಾತು ಬರಲಿಲ್ಲ.

ಕೊನೆಗೆ ಅಲ್ಲಿಯ ಕ್ಲರ್ಕ್ ಒಬ್ಬರು ಆಡಿಟರಿಗೆ ಕೊಡಲಿಕ್ಕೆ ಅಂತ ಹನ್ನೊಂದು ದಿನ ಹಿಂದೆ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದ ಕಾಪಿ ಸಿಕ್ಕಿತು. ಹನ್ನೊಂದು ದಿನದ ಚೀಟಿ ಎಲ್ಲ ಮತ್ತೆ ಕೂತು ಹೊಡೆದರು. ಮೂರು ಕಾಪಿ, ಎರಡು ಬಗೆಯ ಜಾಗ, ಒಂದು ಕಟ್ಟಡದ ಹೊರಗೆ ಅಂತ ಪುಸ್ತಕದಲ್ಲಿ ಓದಿದ್ದು ನನಗೆ ಅರ್ಥ ಆದದ್ದು ಆ ದಿನ. ಮಣಿಪಾಲದ ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿದೆ. ಅವರು ಮುಂದೆ ಬಾಗಿ ಕೇಳಿದರು.

ಮತ್ತೆ ಕೇಬಲ್ ಕ್ರಿಂಪ್ ಮಾಡಲಿಕ್ಕೆ, ಅಂದರೆ ತುದಿಗೆ ಪ್ಲಗ್ ಕೂರಿಸಲಿಕ್ಕೆ ಕಲಿಯಿರಿ. ಒಳಗಿನ ತಂತಿಗಳ ಕ್ರಮ: ಬಿಳಿ ಕೇಸರಿ, ಕೇಸರಿ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಮಾಡಿದ್ದನ್ನು ಟೆಸ್ಟರಿಗೆ ಹಾಕದೆ ಯಾರಿಗೂ ಕೊಡಬೇಡಿ.

ನೈಟ್ ಶಿಫ್ಟ್ ಮಣಿಪಾಲ | ಮೇ 12, ಮಧ್ಯಾಹ್ನ 1.50

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ರಿಪೇರಿ ಅಂಗಡಿಯಲ್ಲಿ ಸಿಕ್ಕಿಕೊಂಡವರನ್ನೂ ನೋಡಿದ್ದೇನೆ. ಐದು ವರ್ಷ ಆದರೂ ವಿಂಡೋಸ್ ಹಾಕುವುದು, ಪ್ರಿಂಟರ್ ಸರಿ ಮಾಡುವುದು, ಅಷ್ಟೇ. ಸರ್ಟಿಫಿಕೇಟ್ ಮಾಡಿಕೊಂಡು ನೇರವಾಗಿ ಲಿನಕ್ಸ್ (ವಿಂಡೋಸ್ ಹಾಗೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಸರ್ವರ್‌ಗಳಲ್ಲಿ ಹೆಚ್ಚು) ಕಡೆಗೆ ಹೋಗುವುದು ಒಳ್ಳೆಯದು. ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಅನ್ನುವ ಅಡ್ಮಿನ್ ಪರೀಕ್ಷೆಗೆ ಬೆಲೆ ಉಂಟು. ಅದರಲ್ಲಿ ಸರಿ ಉತ್ತರಕ್ಕೆ ಟಿಕ್ ಹಾಕುವುದು ಇಲ್ಲ. ಮಷಿನ್ ಎದುರಿಗೆ ಕೂರಿಸಿ ಕೆಲಸ ಮಾಡಿಸುತ್ತಾರೆ. 300ಕ್ಕೆ 210 ಬಂದರೆ ಪಾಸ್. ರೀಬೂಟ್ ಮಾಡಿದ ಮೇಲೂ ನೀವು ಮಾಡಿದ ಕೆಲಸ ನಿಂತಿರಬೇಕು. ನನಗೆ ಕೆಲಸ ಸಿಕ್ಕಿದ್ದು ಅದರಿಂದಲೇ.

ಕಲ್ಸಂಕ ಕೇಬಲ್ | ಮೇ 12, ಮಧ್ಯಾಹ್ನ 2.30

ಅಂಗಡಿಯಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಕೂರಬಾರದು ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಬೀಡಿ ಕಟ್ಟುವ ಮನೆಗೆ ಪರೀಕ್ಷೆ ಫೀಸು ಈಗಲೇ ಕಟ್ಟಿ ಅಂತ ಹೇಗೆ ಹೇಳುವುದು? ಮೊದಲು ಸಂಬಳ ಬರಲಿ. ಪಠ್ಯ ಓದಲಿಕ್ಕೆ ದುಡ್ಡು ಬೇಡ ಅಲ್ವಾ. ಓದಿ, ಮಾಡಿ, ಪರೀಕ್ಷೆ ಮುಂದಿನ ವರ್ಷ ಬರೆಯಿರಿ.

ನೈಟ್ ಶಿಫ್ಟ್ ಮಣಿಪಾಲ | ಮೇ 12, ಮಧ್ಯಾಹ್ನ 2.42

ಸರಿ, ಆ ಮಾತು ಒಪ್ಪಿದೆ. ಫೀಸಿನ ವಿಷಯ ನಾನು ಯೋಚಿಸಲಿಲ್ಲ.

ಸುರತ್ಕಲ್ ಅಕ್ಕ | ಮೇ 12, ರಾತ್ರಿ 9.00

ಕಾವೂರಿನ ತಂಗಿಗೆ: ಇದ್ದೇವೆ, ಹುಡುಗಿಯರು ಇದ್ದೇವೆ. ನಾನು 9 ವರ್ಷದಿಂದ ಲಿನಕ್ಸ್ ಸರ್ವರ್ ನೋಡುತ್ತೇನೆ. ಮೊದಲ ಎರಡು ವರ್ಷ ಕಾಲೇಜಿನ ಲ್ಯಾಬ್‌ನಲ್ಲಿದ್ದೆ. ಹಗಲು ಕೆಲಸ, ಐದು ಗಂಟೆಗೆ ಬಸ್ಸು. ಕಾಲೇಜು, ಆಸ್ಪತ್ರೆಯ ಆಡಳಿತ ವಿಭಾಗ, ಶಾಲೆಗಳು, ಇಲ್ಲೆಲ್ಲ ಹಗಲು ಪಾಳಿ ಸಿಗುತ್ತದೆ. ಮುಂದೆ ಸರ್ವರ್ ಕೆಲಸಕ್ಕೆ ಬಂದರೆ ರಾತ್ರಿ ಫೋನ್ ಬರುವುದು ತಪ್ಪುವುದಿಲ್ಲ. ಆದರೆ ಆಗ ಹೆಚ್ಚಿನ ಕೆಲಸ ಮನೆಯಲ್ಲೇ ಕೂತು ಮಾಡಬಹುದು. ಮನೆಯವರಿಗೆ ಈಗಲೇ ಎಲ್ಲ ಒಪ್ಪಿಸುವ ಅಗತ್ಯ ಇಲ್ಲ.

ಈಗ ಮನೆಯಲ್ಲೇ ಲ್ಯಾಬ್ ಮಾಡುವ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. 11ಕ್ಕೆ ಆಗದ ಎಷ್ಟೋ ಹಳೆಯ ಮಷಿನ್‌ಗಳನ್ನು ಆಫೀಸುಗಳು ಹೊರಗೆ ಹಾಕುತ್ತಿವೆ. ಲಿನಕ್ಸಿಗೆ ಅವು ಚಿನ್ನ. ಒಂದು ತೆಗೆದುಕೊಳ್ಳಿ, ರ್ಯಾಮ್ 8 ಜಿಬಿ ಇದ್ದರೆ ಸಾಕು. ಒಂದು ಮಷಿನಿನೊಳಗೆ ಹಲವು ವರ್ಚುವಲ್ ಮಷಿನ್ ನಡೆಸುವ ವರ್ಚುವಲ್‌ಬಾಕ್ಸ್ ಉಚಿತ. ಅದರಲ್ಲಿ ಒಂದು ಮಷಿನಿಗೆ ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್ (ಎರಡೂ ಉಚಿತ ಲಿನಕ್ಸ್) ಹಾಕಿ. ಹಳೆಯ ವಿಡಿಯೊಗಳಲ್ಲಿ ಸೆಂಟ್‌ಒಎಸ್ 7 ಹಾಕಿ ಅಂತಾರೆ, ಅದರ ಕಾಲ 2024ರ ಜೂನ್ 30ಕ್ಕೆ ಮುಗಿದಿದೆ, ಬೇಡ. ಇನ್ನೊಂದರಲ್ಲಿ ವಿಂಡೋಸ್ ಸರ್ವರ್. ಬಳಸಿ ನೋಡಲಿಕ್ಕೆ ಅಂತ 180 ದಿನದ ಆವೃತ್ತಿ ಮೈಕ್ರೋಸಾಫ್ಟೇ ಕೊಡುತ್ತದೆ. ಯೂಸರ್ ಖಾತೆಗಳನ್ನು ಒಂದೇ ಕಡೆ ನೋಡಿಕೊಳ್ಳುವ ಆ್ಯಕ್ಟಿವ್ ಡೈರೆಕ್ಟರಿ ಹಾಕಿ ಹತ್ತು ಯೂಸರ್ ಮಾಡಿ. ಒಬ್ಬರ ಖಾತೆ ಲಾಕ್ ಮಾಡಿ, ಮತ್ತೆ ಬಿಡಿಸಿ. ಹೆಲ್ಪ್‌ಡೆಸ್ಕಿನಲ್ಲಿ ದಿನಾ ಮಾಡುವ ಕೆಲಸ ಅದು.

ಒಂದು ಎಚ್ಚರ. ಡಿಎಚ್‌ಸಿಪಿ ಸರ್ವರ್ ಮಾಡಿ ಕಲಿಯುವಾಗ ವರ್ಚುವಲ್‌ಬಾಕ್ಸಿನ ನೆಟ್‌ವರ್ಕನ್ನು ಬ್ರಿಡ್ಜ್‌ನಲ್ಲಿ (ಮನೆಯ ನೆಟ್‌ವರ್ಕಿಗೆ ಸೇರುತ್ತದೆ) ಇಡಬೇಡಿ, ಇಂಟರ್ನಲ್‌ನಲ್ಲಿ (ವರ್ಚುವಲ್ ಮಷಿನ್‌ಗಳ ನಡುವೆ ಮಾತ್ರ) ಇಡಿ. ನಾನು ಬ್ರಿಡ್ಜ್ ಇಟ್ಟಿದ್ದೆ. ಮನೆಯ ರೌಟರಿಗಿಂತ ಮೊದಲು ನನ್ನ ಸರ್ವರ್ ಅಪ್ಪನ ಫೋನಿಗೆ ವಿಳಾಸ ಕೊಟ್ಟುಬಿಟ್ಟಿತು. ಅವರಿಗೆ ಇಡೀ ಸಂಜೆ ನೆಟ್ ಇಲ್ಲ. ಕಾರಣ ಹುಡುಕಲಿಕ್ಕೆ ನನಗೆ ಮೂರು ಗಂಟೆ ಬೇಕಾಯಿತು. ಡಿಎಚ್‌ಸಿಪಿ ಅಂದರೆ ಏನು ಅಂತ ಅಲ್ಲಿಂದ ಮುಂದೆ ಮರೆತಿಲ್ಲ.

ಬೇಕಂತಲೇ ಕೆಡಿಸಿ, ಸರಿ ಮಾಡಿ. ನನಗೆ ಇಷ್ಟದ ಒಂದು ಅಭ್ಯಾಸ ಹೇಳುತ್ತೇನೆ. ಒಂದು ಸರ್ವೀಸ್ (ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ) ಲಾಗ್, ಅಂದರೆ ತನ್ನ ಕೆಲಸದ ದಾಖಲೆ ಬರೆಯುತ್ತಿರುವಾಗಲೇ ಆ ದೊಡ್ಡ ಲಾಗ್ ಫೈಲನ್ನು ಅಳಿಸಿ. ಈಗ ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್, ಡಿಸ್ಕ್ ಇನ್ನೂ ತುಂಬಿದೆ ಅನ್ನುತ್ತದೆ. ಫೈಲ್‌ಗಳ ಗಾತ್ರ ತೋರಿಸುವ ಡಿಯು ಹಾಕಿ ಕೂಡಿಸಿದರೆ ಅಷ್ಟು ಫೈಲೇ ಇಲ್ಲ! ಯಾಕೆ? ಹೆಸರು ಅಳಿಸಿದರೂ ಆ ಸರ್ವೀಸ್ ಫೈಲನ್ನು ಇನ್ನೂ ಹಿಡಿದುಕೊಂಡಿದೆ. ಅದು ಬಿಡುವವರೆಗೆ ಜಾಗ ಖಾಲಿ ಆಗುವುದಿಲ್ಲ. ಎಲ್‌ಎಸ್‌ಒಎಫ್ ಹಾಕಿದರೆ ಯಾರು ಹಿಡಿದಿದ್ದಾರೆ ಅಂತ ಕಾಣುತ್ತದೆ. ಆ ಸರ್ವೀಸ್ ರೀಸ್ಟಾರ್ಟ್ ಮಾಡಿದ ಕೂಡಲೇ ಡಿಸ್ಕ್ ಉಸಿರು ಬಿಡುತ್ತದೆ. ಇದನ್ನು ಕೈಯಾರೆ ಮಾಡಿ ನೋಡಿದವರು ಇಂಟರ್‌ವ್ಯೂನಲ್ಲಿ ಹೇಳುವಾಗ ಮುಖದಲ್ಲೇ ಗೊತ್ತಾಗುತ್ತದೆ.

ಪ್ರತಿಯೊಂದನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ತಾರೀಕು, ಏನು ಕೆಟ್ಟಿತು, ಏನು ಅಂದುಕೊಂಡೆ, ನಿಜವಾಗಿ ಏನಿತ್ತು, ಹೇಗೆ ಸರಿಯಾಯಿತು. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಕಾಲೇಜು ಲ್ಯಾಬಿನಲ್ಲಿ ಸರಿ ಮಾಡಿದ್ದನ್ನೂ ನೆನಪಿದ್ದಷ್ಟು ಬರೆಯಿರಿ. ಅನುಭವ ಇಲ್ಲ ಅಂದಿರಿ, ಅದು ಅನುಭವವೇ ಅಲ್ವಾ?

ಕಾವೂರು ಬಿಸಿಎ | ಮೇ 13, ಬೆಳಿಗ್ಗೆ 6.30

ರಾತ್ರಿ ಎಲ್ಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಸಾಲದ ವಿಷಯ ಬಿಟ್ಟೆವು. ಒಂದು ಪ್ರಶ್ನೆ. ಬಯೋಡೇಟಾದಲ್ಲಿ ಎಂತ ಬರೆಯುವುದು? ಈಗ "ಲಿನಕ್ಸ್, ವಿಂಡೋಸ್, ನೆಟ್‌ವರ್ಕಿಂಗ್ ಗೊತ್ತು. ಶ್ರಮಜೀವಿ." ಅಂತ ಉಂಟು.

ಬಿಜೈ ಸರ್ವರ್ ರೂಮ್ | ಮೇ 13, ಬೆಳಿಗ್ಗೆ 8.10

ಆ ಸಾಲು ತೆಗೆಯಿರಿ. ನನ್ನ ಮೇಜಿನ ಮೇಲೆ ಬರುವ ಎಲ್ಲ ಬಯೋಡೇಟಾದಲ್ಲೂ ಅದೇ ಇರುತ್ತದೆ. ಮಾಡಿದ್ದನ್ನು ಮಾತ್ರ ಬರೆಯಿರಿ. "ಕಾಲೇಜು ಲ್ಯಾಬಿನ 40 ಮಷಿನ್‌ಗಳಲ್ಲಿ ಕೆಟ್ಟವನ್ನು ಉಪನ್ಯಾಸಕರ ಕೋರಿಕೆಯಂತೆ ಒಂದು ವರ್ಷ ಸರಿ ಮಾಡಿಕೊಟ್ಟೆ. ಮನೆಯಲ್ಲಿ ಎರಡು ವರ್ಚುವಲ್ ಮಷಿನ್ ಇಟ್ಟು ಡಿಎನ್‌ಎಸ್, ಡಿಎಚ್‌ಸಿಪಿ ಹಾಕಿದ್ದೇನೆ." ಹೀಗೆ. ಸಂಖ್ಯೆ ನಿಮ್ಮದು ಎಷ್ಟೋ ಅಷ್ಟೇ ಹಾಕಿ, ಹೆಚ್ಚಿಸಬೇಡಿ. ಮುಂದೆ ಕೂತವರು ಆ ಸಾಲು ಹಿಡಿದೇ ಪ್ರಶ್ನೆ ಕೇಳುತ್ತಾರೆ. ಗೊತ್ತಿರುವ ಜಾಗಕ್ಕೆ ನೀವೇ ಅವರನ್ನು ಕರೆದುಕೊಂಡು ಹೋದ ಹಾಗೆ ಆಗುತ್ತದೆ.

ಜಾಹೀರಾತಿನಲ್ಲಿ 2 ವರ್ಷ ಅಂತ ಇದ್ದರೂ ಅರ್ಜಿ ಹಾಕಿ. ನಾವೂ ಹಾಗೇ ಬರೆಯುತ್ತೇವೆ, ಆದರೆ ಒಳ್ಳೆಯ ಹೊಸಬರು ಬಂದರೆ ಬಿಡುವುದಿಲ್ಲ. ಹುಡುಕುವಾಗ ಸಿಸ್ಟಮ್ ಅಡ್ಮಿನ್ ಅನ್ನುವ ಪದವನ್ನೇ ಹಿಡಿದು ಕೂರಬೇಡಿ. ಡೆಸ್ಕ್‌ಟಾಪ್ ಸಪೋರ್ಟ್, ಐಟಿ ಅಸಿಸ್ಟೆಂಟ್, ಲ್ಯಾಬ್ ಇನ್‌ಸ್ಟ್ರಕ್ಟರ್, ಫೀಲ್ಡ್ ಎಂಜಿನಿಯರ್, ಹೆಲ್ಪ್‌ಡೆಸ್ಕ್, ಎಲ್ಲವೂ ಅದೇ ಮನೆಯ ಬಾಗಿಲುಗಳು.

ಕೊಟ್ಟಾರ ಎಚ್‌ಆರ್ | ಮೇ 13, ಬೆಳಿಗ್ಗೆ 9.25

ಅಪ್ರೆಂಟಿಸ್ ದಾರಿಯನ್ನೂ ನೋಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಪದವೀಧರರಿಗೆ, ಡಿಪ್ಲೊಮಾದವರಿಗೆ ಸ್ಟೈಪೆಂಡ್ ಕೊಟ್ಟು ತರಬೇತಿ ಕೊಡುತ್ತಾರೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ ನ್ಯಾಟ್ಸ್‌ನ ಪೋರ್ಟಲಿನಲ್ಲಿ ಹೆಸರು ನೋಂದಾಯಿಸುವುದು ಉಚಿತ. ಕೊನೆಗೆ ಸಿಗುವ ಪತ್ರ ಅಸಲಿ. ಯಾರಿಗೆ ಬೇಕಾದರೂ ಧೈರ್ಯವಾಗಿ ತೋರಿಸಬಹುದು.

ಕುಂದಾಪುರದಿಂದ | ಮೇ 13, ಸಂಜೆ 6.00

ನಾನು ಬೆಂಗಳೂರಿಗೆ ಹೋದವ. ಅಲ್ಲಿ ಕೆಲಸ ಜಾಸ್ತಿ, ನಿಜ. ಆದರೆ ಮೊದಲ ವರ್ಷ ಸಂಬಳ ಎಲ್ಲ ಪಿಜಿಗೆ, ಊಟಕ್ಕೆ ಹೋಗುತ್ತದೆ. ದೊಡ್ಡ ಕಂಪನಿಯಲ್ಲಿ ಹೊಸಬರಿಗೆ ಒಂದೇ ಸಣ್ಣ ಕೆಲಸ ಕೊಡುತ್ತಾರೆ. ನಾನು ಎಂಟು ತಿಂಗಳು ಪಾಸ್‌ವರ್ಡ್ ಬದಲಿಸಿದ್ದೇ ಬದಲಿಸಿದ್ದು. ಊರಿನ ಸಣ್ಣ ಜಾಗದಲ್ಲಿ ಸರ್ವರ್, ಯುಪಿಎಸ್, ಫೈರ್‌ವಾಲ್, ಸಿಸಿಟಿವಿ ಎಲ್ಲ ನಿಮ್ಮ ತಲೆಯ ಮೇಲೆಯೇ. ಸುಸ್ತಾಗುತ್ತದೆ, ಆದರೆ ಕಲಿಯುತ್ತೀರಿ. ಊರಲ್ಲಿ ಒಂದೆರಡು ವರ್ಷ ಮಾಡಿ ಆಮೇಲೆ ಹೋಗಿ.

ಕಾವೂರು ಬಿಸಿಎ | ಸೆಪ್ಟೆಂಬರ್ 20, ರಾತ್ರಿ 8.15

ನಾಲ್ಕು ತಿಂಗಳಾಯಿತು. ನಿಮಗೆಲ್ಲ ಹೇಳಬೇಕು ಅಂತ ಬಂದೆ.

ಹಳೆಯ ಮಷಿನ್ ಒಂದು ಮಾವನ ಆಫೀಸಿನಿಂದ ಸಿಕ್ಕಿತು. ಪುಸ್ತಕದಲ್ಲಿ 63 ಪುಟ ತುಂಬಿದೆ. ಜುಲೈಯಿಂದ ಬಂದರು ಹತ್ತಿರದ ಒಂದು ರಿಪೇರಿ ಅಂಗಡಿಗೆ ಮಧ್ಯಾಹ್ನ ಹೋಗಲು ಶುರು ಮಾಡಿದೆ. ಹನ್ನೆರಡು ಕಡೆ ಅರ್ಜಿ ಹಾಕಿದೆ, ಮೂರು ಕಡೆ ಕರೆದರು. ಮೂರನೆಯದು ದೇರಳಕಟ್ಟೆ ಕಡೆಯ ಒಂದು ಕಾಲೇಜು. ಅಲ್ಲಿಯ ಸರ್ ಬಯೋಡೇಟಾ ಬದಿಗಿಟ್ಟು ಪುಸ್ತಕ ಕೇಳಿದರು. ಸುಮ್ನೆ ತಿರುಗಿಸುತ್ತಾ ಇದ್ದವರು ಒಂದು ಪುಟದಲ್ಲಿ ನಿಂತರು. ಡಿಸ್ಕ್ ತುಂಬಿದ ಪುಟ. "ಇಲ್ಲಿ ರೀಬೂಟ್ ಮಾಡಿದ್ದರೂ ಸರಿ ಆಗ್ತಿತ್ತಲ್ವಾ?" ಅಂದರು. "ಆಗುತ್ತಿತ್ತು ಸರ್. ಆದರೆ ಕಾರಣ ಗೊತ್ತಾಗುತ್ತಿರಲಿಲ್ಲ, ನಾಳೆ ಮತ್ತೆ ತುಂಬುತ್ತಿತ್ತು" ಅಂದೆ. ಸೆಪ್ಟೆಂಬರ್ 1ರಿಂದ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ್ದೇನೆ. 13,000 ಸಂಬಳ, ಪಿಎಫ್ ಉಂಟು, ಹಗಲು ಕೆಲಸ. ಅಮ್ಮ ಕುದ್ರೋಳಿಗೆ ಹೋಗಿ ಕೈಮುಗಿದು ಬಂದರು.

ಈಗ ಒಂದು ತೊಂದರೆ. ಎರಡು ಲ್ಯಾಬಿನ 80 ಕೇಬಲ್‌ಗಳು ಒಂದೇ ರ್ಯಾಕಿಗೆ ಬರುತ್ತವೆ. ಯಾವುದು ಯಾವ ಮಷಿನಿನದು ಅಂತ ಎಲ್ಲಿಯೂ ಬರೆದಿಲ್ಲ. ನಾನು ಕಾಗದದ ಚೀಟಿ ಅಂಟಿಸಿದೆ. ಈ ಮಳೆಯ ತೇವಕ್ಕೆ ಒಂದೇ ವಾರದಲ್ಲಿ ಅರ್ಧ ಉದುರಿ ರ್ಯಾಕಿನ ಕೆಳಗೆ ಬಿದ್ದಿವೆ. ಎಂತ ಮಾಡುವುದು?

ಕಲ್ಸಂಕ ಕೇಬಲ್ | ಸೆಪ್ಟೆಂಬರ್ 20, ರಾತ್ರಿ 8.22

ಓದಿ ತುಂಬಾ ಖುಷಿಯಾಯಿತು!

ಕಾಗದ ಬೇಡ. ಲೇಬಲ್ ಪ್ರಿಂಟರಿನ ಲ್ಯಾಮಿನೇಟೆಡ್ ಟೇಪ್ ತರಿಸಿ, ಕೇಬಲಿಗೆ ಪೂರ್ತಿ ಒಂದು ಸುತ್ತು ಬಂದು ಟೇಪ್ ಟೇಪಿಗೇ ಅಂಟಬೇಕು. ತರಿಸುವವರೆಗೆ ನಂಬರ್ ಇರುವ ಪ್ಲಾಸ್ಟಿಕ್ ಉಂಗುರ ಹಾಕಿ. ಎರಡೂ ತುದಿಗೆ ಒಂದೇ ನಂಬರ್, ಮತ್ತೆ ಅದೇ ನಂಬರ್ ಪುಸ್ತಕದಲ್ಲಿ. ಯಾವ ಕೇಬಲ್ ಯಾವುದು ಅಂತ ಹುಡುಕಲಿಕ್ಕೆ ನನ್ನ ಹತ್ತಿರ ಹಳೆಯ ಟೋನರ್ ಒಂದು ಉಂಟು. ಒಂದು ತುದಿಗೆ ಚುಚ್ಚಿದರೆ ಇನ್ನೊಂದು ತುದಿಯಲ್ಲಿ ಶಬ್ದ ಮಾಡುತ್ತದೆ. ಭಾನುವಾರ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಬರುವವನಿದ್ದೇನೆ, ತಂದುಕೊಡುತ್ತೇನೆ. ಸೋಮವಾರ ತರಗತಿ ಶುರುವಾಗುವ ಮೊದಲು, ಎಂಟು ಗಂಟೆಗೆ ಲ್ಯಾಬ್ ತೆರೆಸಿಕೊಳ್ಳಿ. ಒಬ್ಬರು ರ್ಯಾಕಿನ ಹತ್ತಿರ, ಒಬ್ಬರು ಮಷಿನಿನ ಹತ್ತಿರ ಇದ್ದರೆ ಬೇಗ ಮುಗಿಯುತ್ತದೆ.